ಹಳೆ 407ಕ್ಕೆ ಹೊಸ ಫೀಡ್ ಪಂಪು

ಗುಡ್ಡೆಯಲ್ಲಿ ಕೃಷಿ ಮಾಡುವವನಿಗೆ ಗಾಡಿ ಇಲ್ಲದೆ ಆಗುವುದಿಲ್ಲ. ಗೇರುಬೀಜ, ರಬ್ಬರ್ ಶೀಟು ಕೆಳಗೆ ಇಳಿಯಬೇಕು. ಗೊಬ್ಬರ, ಕೆಂಪುಕಲ್ಲು ಮೇಲೆ ಏರಬೇಕು. ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳಲ್ಲಿ ಚಡವು ಇಲ್ಲದ ಮಾರ್ಗ ಹುಡುಕಿದರೂ ಸಿಗದು. ಹೊಸ ಗಾಡಿ ತೆಗೆಯುವ ಶಕ್ತಿ ನಮ್ಮಂಥ ಸಣ್ಣ ಕೃಷಿಕರಿಗೆ ಇಲ್ಲ. ಹಾಗಾಗಿ ಹಳೆ ಟಾಟಾ 407, ಹಳೆ ಡೀಸೆಲ್ ಜೀಪು ಇವನ್ನೇ ರಿಪೇರಿ ಮಾಡಿ ಮಾಡಿ ಓಡಿಸುತ್ತೇವೆ.

ನನ್ನದು 1998ರ ಮಾಡೆಲಿನ 407. ಇದರ ಡೀಸೆಲ್ ಎಳೆಯುವ ಸಣ್ಣ ಪಂಪು ಕೆಟ್ಟು, ಅದು ಗೊತ್ತಾಗದೆ ಎರಡು ವರ್ಷ ನಾನು ಪಟ್ಟ ಪಾಡು, ಕಡೆಗೆ ಅದನ್ನು ಬದಲಿಸಿದ ಕ್ರಮ ಇಲ್ಲಿ ಬರೆದಿದ್ದೇನೆ. ನಾನು ಮೆಕ್ಯಾನಿಕ್ ಅಲ್ಲ, ಏಳನೇ ಕ್ಲಾಸಿನವರೆಗೆ ಶಾಲೆಗೆ ಹೋದವ. ಆದರೆ ಕಳಕೊಂಡ ದುಡ್ಡು ಮನುಷ್ಯನಿಗೆ ಕೆಲವು ಪಾಠ ಕಲಿಸುತ್ತದೆ.

ಘಾಟಿಯಲ್ಲಿ ನಿಂತ ದಿನ

ಮೊದಲು ಶುರುವಾದದ್ದು ನಮ್ಮ ಗುಡ್ಡೆ ಮಾರ್ಗದಲ್ಲೇ. ಖಾಲಿ ಗಾಡಿ ಸರಿಯಾಗಿ ಓಡುತ್ತಿತ್ತು. ಲೋಡು ಹಾಕಿ ಚಡವು ಹತ್ತುವಾಗ ಮಾತ್ರ ಎರಡನೇ ಗೇರಿನಲ್ಲಿ ಗೊರಗೊರ ಎಂದು ದಮ್ಮು ಕಟ್ಟುತ್ತಿತ್ತು. ಐದು ನಿಮಿಷ ನಿಲ್ಲಿಸಿದರೆ ಪುನಃ ಸ್ಟಾರ್ಟ್ ಆಗಿ ಸ್ವಲ್ಪ ದೂರ ಹೋಗುತ್ತಿತ್ತು. ಪೇಟೆಯ ಒಂದು ಗ್ಯಾರೇಜಿಗೆ ಕೊಂಡುಹೋದೆ. “ಅಣ್ಣಾ, ದೊಡ್ಡ ಪಂಪೇ ಹೋಗಿದೆ, ಬಿಚ್ಚದೆ ನಿರ್ವಾಹವಿಲ್ಲ” ಅಂದರು. ದೊಡ್ಡ ಪಂಪು ಎಂದರೆ ನಾಜಲುಗಳಿಗೆ ಡೀಸೆಲ್ ಹಂಚುವ ಇಂಜೆಕ್ಷನ್ ಪಂಪು. ಬಿಚ್ಚಿ, ಕ್ಯಾಲಿಬ್ರೇಶನ್ ಮಾಡಿಸಿ, 19,500 ರೂಪಾಯಿ ಬಿಲ್ಲಾಯಿತು. ಆ ವರ್ಷದ ಗೇರುಬೀಜದ ದುಡ್ಡು ಹೆಚ್ಚಿನದೂ ಅದಕ್ಕೇ ಹೋಯಿತು.

ಒಂದು ತಿಂಗಳು ಚೆನ್ನಾಗಿತ್ತು. 2023ರ ಜುಲೈಯಲ್ಲಿ ಮಡಿಕೇರಿಗೆ ತೆಂಗಿನಕಾಯಿ ಲೋಡು ಇತ್ತು. ಸುಳ್ಯ, ಸಂಪಾಜೆ, ಕೊಯನಾಡು ದಾಟಿ ಜೋಡುಪಾಲದಿಂದ ಮೇಲೆ ಹತ್ತುವಾಗ ಅದೇ ಗೊರಗೊರ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮನೆಮಠ ಕೊಚ್ಚಿಹೋದ ಜಾಗ ಅದು. ಸಂಜೆ ಹೊತ್ತು, ಜೋರು ಮಳೆ, ಹಿಂದಿನಿಂದ ಒಂದು ಬಸ್ಸು. ಇಂಜಿನು ಆಫ್ ಆಯಿತು.

ಇಲ್ಲಿ ಒಂದು ಮಾತು ಎಲ್ಲರೂ ತಿಳಿದಿರಬೇಕು. ಹಳೆ 407ರ ಬ್ರೇಕು ವ್ಯಾಕ್ಯೂಮಿನ ಸಹಾಯದಿಂದ ಹಿಡಿಯುವಂಥದ್ದು. ಇಂಜಿನು ನಿಂತರೆ ವ್ಯಾಕ್ಯೂಮ್ ಆಗುವುದೂ ನಿಲ್ಲುತ್ತದೆ. ಉಳಿದ ವ್ಯಾಕ್ಯೂಮಿನಲ್ಲಿ ಎರಡೋ ಮೂರೋ ಸಲ ಪೆಡಲು ಮೆಟ್ಟಬಹುದು. ಆಮೇಲೆ ಪೆಡಲು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಎಷ್ಟು ಮೆಟ್ಟಿದರೂ ಹಿಡಿತ ಕಮ್ಮಿ. ಗಾಡಿ ಹಿಂದೆ ಹಿಂದೆ ಜಾರತೊಡಗಿತು. ನಾನು ಹ್ಯಾಂಡ್ ಬ್ರೇಕ್ ಎಳೆದು ಗೇರಿಗೆ ಹಾಕಿದೆ. ಮಗ ಹಾರಿ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. ಬಸ್ಸಿನ ಡ್ರೈವರ್ ಜಾಗ್ರತೆಯವ, ದೂರದಲ್ಲೇ ನಿಲ್ಲಿಸಿದ. ಬಚಾವಾದೆವು. ಇಲ್ಲದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲವೋ ಏನೋ.

ಮರುದಿನ ನಮ್ಮ ಕಡೆಯ ಒಬ್ಬರು ನಿವೃತ್ತ ಬಸ್ ಮೆಕ್ಯಾನಿಕ್ ಬಂದು ನೋಡಿದರು. ಅವರು ಕೇಳಿದ ಮೊದಲ ಪ್ರಶ್ನೆಯೇ ಬೇರೆ. “ದೊಡ್ಡ ಪಂಪು ಹಂಚುತ್ತದೆ ಸರಿ. ಅದಕ್ಕೆ ಡೀಸೆಲ್ ತಂದುಕೊಡುವವ ಯಾರು ಮಾರಾಯ್ರೆ? ಅವನನ್ನು ನೋಡಿದ್ದೀರಾ?”

ಫೀಡ್ ಪಂಪಿನ ಕೆಲಸ

ನೀರೆತ್ತುವ ಹಳೆ ಪೀಟರ್ ಇಂಜಿನುಗಳನ್ನು ನೋಡಿದವರಿಗೆ ಗೊತ್ತು, ಅದರ ಡೀಸೆಲ್ ಟಾಂಕಿ ತಲೆಯ ಮೇಲೆಯೇ ಉಂಟು. ಡೀಸೆಲ್ ತನ್ನಷ್ಟಕ್ಕೆ ಇಳಿದು ಬರುತ್ತದೆ. ಲಾರಿಯಲ್ಲಿ ಹಾಗಲ್ಲ. ಟಾಂಕಿ ಚಾಸಿಯ ಬದಿಯಲ್ಲಿ ಕೆಳಗೆ, ಇಂಜಿನು ಎದುರಿನಲ್ಲಿ ಮೇಲೆ. ನಡುವೆ ಯಾರಾದರೂ ಡೀಸೆಲ್ ಎಳೆದು ತರಬೇಕು. ಆ ಕೆಲಸ ಫೀಡ್ ಪಂಪಿನದ್ದು. ಇದಕ್ಕೇ ಕೆಲವರು ಲಿಫ್ಟ್ ಪಂಪು ಎನ್ನುತ್ತಾರೆ.

ನನ್ನ ಗಾಡಿಯ ಇಂಜಿನು 497. 4 ಎಂದರೆ ನಾಲ್ಕು ಸಿಲಿಂಡರು, 97 ಎಂದರೆ ಸಿಲಿಂಡರಿನ ಬೋರು 97 ಮಿಲಿಮೀಟರು. ಅದರ ಇಂಜೆಕ್ಷನ್ ಪಂಪು ಮೈಕೋದವರ ಸಾಲು ಪಂಪು. 1951ರಲ್ಲಿ ಶುರುವಾದ ಮೈಕೋ ಕಂಪೆನಿಗೆ 2008ರಿಂದ ಬಾಶ್ ಎಂದು ಹೆಸರು. ಗ್ಯಾರೇಜುಗಳಲ್ಲಿ ಈಗಲೂ ಮೈಕೋ ಪಂಪೆಂದೇ ಹೇಳುವುದು. ಆ ದೊಡ್ಡ ಪಂಪಿನ ಪಕ್ಕೆಗೆ ಮೂರು ನಟ್ಟಿನಲ್ಲಿ ಕಚ್ಚಿಕೊಂಡಿರುವ, ಮುಷ್ಟಿಯಷ್ಟು ದೊಡ್ಡ ವಸ್ತುವೇ ಫೀಡ್ ಪಂಪು. ಕೈಯಲ್ಲಿ ಒತ್ತಿ ಡೀಸೆಲ್ ಏರಿಸುವ ಪ್ರೈಮರು ಇರುವುದೂ ಅದರ ಮೇಲೆಯೇ.

ಒಳಗೆ ಒಂದು ಪಿಸ್ಟನ್, ಒಂದು ಸ್ಪ್ರಿಂಗು, ಎರಡು ಸಣ್ಣ ವಾಲ್ವು. ದೊಡ್ಡ ಪಂಪಿನ ಶಾಫ್ಟಿನಲ್ಲಿರುವ ಉಬ್ಬು ಪಿಸ್ಟನನ್ನು ಒಂದು ಕಡೆಗೆ ದೂಡುತ್ತದೆ. ಸ್ಪ್ರಿಂಗು ಅದನ್ನು ವಾಪಸು ತರುತ್ತದೆ. ಡೀಸೆಲನ್ನು ಫಿಲ್ಟರಿನ ಕಡೆಗೆ ಒತ್ತುವುದು ಈ ಸ್ಪ್ರಿಂಗು. ಫಿಲ್ಟರಿನಲ್ಲಿ ಒತ್ತಡ ಸಾಕಷ್ಟು ಆಯಿತೆಂದರೆ ಪಿಸ್ಟನ್ ಅರ್ಧಕ್ಕೇ ನಿಲ್ಲುತ್ತದೆ, ಮಿತಿಮೀರಿ ಒತ್ತುವುದಿಲ್ಲ. ಒಳ್ಳೆಯ ಏರ್ಪಾಡು. ಆದರೆ ಸ್ಪ್ರಿಂಗು ಸತ್ವ ಕಳಕೊಂಡರೆ, ಪಿಸ್ಟನ್ ಸವೆದರೆ, ವಾಲ್ವಿನ ಅಡಿಗೆ ಒಂದು ಕಸ ಸಿಕ್ಕಿದರೆ ಒತ್ತಡ ಬರುವುದೇ ಇಲ್ಲ.

ಇಂಜಿನಿಗೆ ಬೇಕಾದ್ದಕ್ಕಿಂತ ಹೆಚ್ಚು ಡೀಸೆಲನ್ನು ಫೀಡ್ ಪಂಪು ತರಬೇಕು. ಹೆಚ್ಚಾದದ್ದು ಓವರ್‌ಫ್ಲೋ ವಾಲ್ವಿನ ಮೂಲಕ ಟಾಂಕಿಗೆ ವಾಪಸು. ಹೋಗುವಾಗ ಗಾಳಿಗುಳ್ಳೆಗಳನ್ನೂ ಕೊಂಡುಹೋಗುತ್ತದೆ, ಪಂಪನ್ನೂ ತಣ್ಣಗಿಡುತ್ತದೆ. ಖಾಲಿ ಗಾಡಿ ಸಮ ಮಾರ್ಗದಲ್ಲಿ ಹೋಗುವಾಗ ಇಂಜಿನು ಕುಡಿಯುವುದು ಸ್ವಲ್ಪ. ಸವೆದ ಪಂಪು ಅಷ್ಟನ್ನು ಹೇಗೋ ಪೂರೈಸುತ್ತದೆ. ಲೋಡು ಹಾಕಿ ಆಕ್ಸಿಲರೇಟರ್ ಪೂರ್ತಿ ಮೆಟ್ಟಿದಾಗ ಬೇಡಿಕೆ ಏರುತ್ತದೆ, ಪಂಪಿಗೆ ಕೊಡಲಾಗುವುದಿಲ್ಲ. ನಿಲ್ಲಿಸಿ ಐದು ನಿಮಿಷ ಬಿಟ್ಟು ಪುನಃ ಹ್ಯಾಂಡ್ಲು ತಿರುಗಿಸಿದರೆ ಫಿಲ್ಟರಿಗೆ ಸ್ವಲ್ಪ ಡೀಸೆಲ್ ಬರುತ್ತದೆ, ಗಾಡಿ ಸ್ವಲ್ಪ ದೂರ ಹೋಗುತ್ತದೆ. ನನ್ನ ಗಾಡಿಗೆ ಆದದ್ದು ಸರಿಯಾಗಿ ಇದೇ.

ಎಳೆಯುವ ಬದಿ, ದೂಡುವ ಬದಿ

ಕೆರೆಗೆ ಪಂಪುಸೆಟ್ಟು ಇಟ್ಟವರಿಗೆ ಇದು ಬೇಗ ಅರ್ಥವಾದೀತು. ಡೆಲಿವರಿ ಪೈಪಿನಲ್ಲಿ ತೂತು ಇದ್ದರೆ ನೀರು ಚಿಮ್ಮಿ ಕಾಣುತ್ತದೆ. ಸಕ್ಷನ್ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕು ಇದ್ದರೂ ಹೊರಗೆ ಒಂದು ತೊಟ್ಟು ನೀರು ಕಾಣದು. ಅದು ಗಾಳಿ ಎಳೆದುಕೊಳ್ಳುತ್ತದೆ, ಪಂಪು ನೀರು ಬಿಡುತ್ತದೆ. ಫುಟ್‌ವಾಲ್ವಿನಲ್ಲಿ ಎಲೆ ಸಿಕ್ಕಿದರೂ ಅದೇ ಕತೆ.

ಲಾರಿಯಲ್ಲಿ ಟಾಂಕಿಯಿಂದ ಫೀಡ್ ಪಂಪಿನವರೆಗೆ ಎಳೆಯುವ ಬದಿ. ಫೀಡ್ ಪಂಪಿನಿಂದ ಫಿಲ್ಟರು ದಾಟಿ ದೊಡ್ಡ ಪಂಪಿನವರೆಗೆ ದೂಡುವ ಬದಿ. ದೂಡುವ ಬದಿಯಲ್ಲಿ ಸೋರಿದರೆ ಡೀಸೆಲ್ ಒದ್ದೆ ಕಾಣುತ್ತದೆ. ಎಳೆಯುವ ಬದಿ ಒಣಗಿ ಚೊಕ್ಕವಾಗಿ ಕಂಡರೂ ನಂಬಬಾರದು. ಇದೊಂದು ಮಾತು ನೆನಪಿದ್ದರೆ ಅರ್ಧ ಮೆಕ್ಯಾನಿಕ್ ಆದ ಹಾಗೆ.

ಬಿಚ್ಚುವ ಮೊದಲು ಪರೀಕ್ಷೆ

ಅಂಗಡಿಗೆ ಓಡಿ ಪಂಪು ತರುವ ಮೊದಲು ಈ ಪರೀಕ್ಷೆಗಳನ್ನು ಮಾಡಬೇಕು. ಕ್ರಮ ತಪ್ಪಿಸಬಾರದು, ಖರ್ಚಿಲ್ಲದ್ದು ಮೊದಲು.

1. ಟಾಂಕಿಯ ಮುಚ್ಚಳ: ಮುಚ್ಚಳದಲ್ಲಿ ಗಾಳಿ ಹೋಗಲು ಸಣ್ಣ ದಾರಿ ಉಂಟು. ಡೀಸೆಲ್ ಖರ್ಚಾದಷ್ಟು ಗಾಳಿ ಒಳಗೆ ಹೋಗಬೇಕು. ನಮ್ಮ ಕಡೆ ಕಣಜ ಮಣ್ಣಿನ ಗೂಡು ಕಟ್ಟದ ತೂತೇ ಇಲ್ಲ. ಗಾಡಿ ದಮ್ಮು ಕಟ್ಟಿದ ಕೂಡಲೇ ಮುಚ್ಚಳ ತೆಗೆಯಿರಿ. ಸುಯ್ ಎಂದು ಗಾಳಿ ಒಳಗೆ ಎಳೆದರೆ, ಆಮೇಲೆ ಗಾಡಿ ಸರಿ ಓಡಿದರೆ ರೋಗ ಅಲ್ಲೇ. ಒಂದು ಸೂಜಿಯಲ್ಲಿ ಗುಣ.

2. ಫಿಲ್ಟರು ಮತ್ತು ಜಾಲರಿ: ಫಿಲ್ಟರು ಹಾಕಿದ ದಿನ ನೆನಪಿಲ್ಲವಾದರೆ ಹೊಸತು ಹಾಕಿಯೇ ಮುಂದುವರಿಯಿರಿ. ಫೀಡ್ ಪಂಪಿನ ಬಾಯಿಯಲ್ಲಿ ಒಂದು ಸಣ್ಣ ಜಾಲರಿ ಇರುತ್ತದೆ. ಅದನ್ನು ಹೆಚ್ಚಿನವರು ಮರೆಯುತ್ತಾರೆ. ನನ್ನದರಲ್ಲಿ ರಬ್ಬರಿನ ಚೂರು, ತುಕ್ಕು, ಕಪ್ಪು ಲೋಳೆ ತುಂಬಿತ್ತು.

3. ಕ್ಯಾನಿನ ಪರೀಕ್ಷೆ: ಇದೇ ಎಲ್ಲದರಲ್ಲಿ ದೊಡ್ಡ ಪರೀಕ್ಷೆ. ಐದು ಲೀಟರಿನ ಚೊಕ್ಕ ಕ್ಯಾನಿಗೆ ಡೀಸೆಲ್ ತುಂಬಿ, ಫೀಡ್ ಪಂಪಿಗಿಂತ ಎತ್ತರದಲ್ಲಿ, ಬಾಡಿಯ ಎದುರು ಹಲಗೆಗೆ ಭದ್ರ ಕಟ್ಟಿ. ಟಾಂಕಿಯಿಂದ ಬರುವ ಪೈಪು ಕಳಚಿ, ಕ್ಯಾನಿನ ಪೈಪನ್ನು ಫೀಡ್ ಪಂಪಿಗೆ ಕೊಡಿ. ಈಗ ನಿಮ್ಮ ಲಾರಿ ಪೀಟರ್ ಇಂಜಿನಿನ ಹಾಗೆ ಆಯಿತು. ತೊಂದರೆ ಪೂರ್ತಿ ಹೋದರೆ ದೋಷ ಟಾಂಕಿ ಅಥವಾ ಪೈಪಿನಲ್ಲಿ. ಏನೂ ಬದಲಾಗದಿದ್ದರೆ ಫೀಡ್ ಪಂಪು ಅಥವಾ ಅದರಿಂದ ಮುಂದೆ. ಈ ಪರೀಕ್ಷೆ ನಿಮ್ಮ ಸ್ವಂತ ಜಾಗದ ಚಡವಿನಲ್ಲಿ ಮಾತ್ರ, ನಿಧಾನವಾಗಿ, ಚಕ್ರಕ್ಕೆ ಕಟ್ಟೆ ಕೊಡಲು ಒಬ್ಬ ಜನ ಜತೆಗೆ ಇರುವಾಗ ಮಾತ್ರ. ಬೀಡಿ ಸೇದುವವರನ್ನು ಹತ್ತಿರ ಬಿಡಬೇಡಿ. ಸಾರ್ವಜನಿಕ ಮಾರ್ಗಕ್ಕೆ ಹೀಗೆ ಹೋಗಲೇಬಾರದು.

4. ಪಾರದರ್ಶಕ ಪೈಪು: ಫೀಡ್ ಪಂಪು ಮತ್ತು ಫಿಲ್ಟರಿನ ನಡುವೆ ಒಂದು ಗೇಣು ಪಾರದರ್ಶಕ ಪೈಪು ಹಾಕಿ ಇಂಜಿನು ಓಡಿಸಿ. ಡೀಸೆಲಿನ ಜತೆ ಸೋಡಾದ ಹಾಗೆ ಗುಳ್ಳೆ ಬಂದರೆ ಎಳೆಯುವ ಬದಿಯಲ್ಲಿ ಎಲ್ಲೋ ಗಾಳಿ ಸೇರುತ್ತಿದೆ. ಈ ಪೈಪು ಪರೀಕ್ಷೆಗೆ ಮಾತ್ರ. ಡೀಸೆಲಿನಲ್ಲಿ ಅದು ಬೇಗ ಗಟ್ಟಿಯಾಗಿ ಒಡೆಯುತ್ತದೆ, ಹಾಗೇ ಬಿಡಬಾರದು.

5. ಒತ್ತಡ ನೋಡುವುದು: ಫಿಲ್ಟರಿಗೆ ಹೋಗುವ ಪೈಪಿನಲ್ಲಿ ಟೀ ಹಾಕಿ ಒಂದು ಗೇಜು ಕೂರಿಸಬೇಕು. ಬೋರ್ಡೋ ಸ್ಪ್ರೇಯರಿನ ಗೇಜು ಆಗುವುದಿಲ್ಲ. ಅದು ದೊಡ್ಡ ಒತ್ತಡದ್ದು, ಇಷ್ಟು ಕಡಿಮೆಗೆ ಅದರ ಮುಳ್ಳು ಏಳುವುದೇ ಇಲ್ಲ. ಸೊನ್ನೆಯಿಂದ 4 ಕೆ.ಜಿ.ಯವರೆಗಿನ ಗೇಜು ಬೇಕು. ಇಂಥ ಸಾಲು ಪಂಪುಗಳಿಗೆ ಸುಮಾರು 1ರಿಂದ 1.5 ಕೆ.ಜಿ. ಒತ್ತಡ ಬೇಕೆಂದು ಆ ಹಿರಿಯ ಮೆಕ್ಯಾನಿಕ್ ಹೇಳಿದರು. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಲೆಕ್ಕ ಇದ್ದರೆ ಅದೇ ಸರಿ.

6. ವಾಪಸು ಪೈಪು: ಗೇಜು ಕಮ್ಮಿ ತೋರಿಸಿದರೆ ಟಾಂಕಿಗೆ ವಾಪಸು ಹೋಗುವ ರಬ್ಬರ್ ಪೈಪನ್ನು ಒಂದು ನಿಮಿಷ ಮೆಲ್ಲ ಒತ್ತಿ ಹಿಡಿಯಿರಿ. ಮುಳ್ಳು ತಟ್ಟನೆ ಏರಿದರೆ ಫೀಡ್ ಪಂಪು ಪಾಪದ್ದು, ಓವರ್‌ಫ್ಲೋ ವಾಲ್ವಿನ ಸ್ಪ್ರಿಂಗು ಸಡಿಲ. ಅದು ಸಣ್ಣ ಖರ್ಚು. ಏರದಿದ್ದರೆ ಫೀಡ್ ಪಂಪೇ ಸೋತಿದೆ.

7. ಇಂಜಿನ್ ಆಯಿಲು: ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲು ಕಮ್ಮಿಯಾಗುವ ಬದಲು ಹೆಚ್ಚಾಗಿದ್ದರೆ, ಡೀಸೆಲ್ ವಾಸನೆ ಬಂದರೆ ಗಾಡಿ ಓಡಿಸಬೇಡಿ. ಫೀಡ್ ಪಂಪಿನ ದೂಡುಕಡ್ಡಿ ಸವೆದರೆ ಡೀಸೆಲ್ ದೊಡ್ಡ ಪಂಪಿನ ಹೊಟ್ಟೆಗೆ, ಅಲ್ಲಿಂದ ಇಂಜಿನ್ ಆಯಿಲಿಗೆ ಸೇರುವುದುಂಟು. ಇಂಜಿನ್ ಬ್ಲಾಕಿಗೇ ಕೂರಿಸಿದ ಡಯಾಫ್ರಾಮ್ ಪಂಪುಗಳಲ್ಲಿ ರಬ್ಬರು ಹರಿದರೂ ಇದೇ ಆಗಬಹುದು. ತೆಳುವಾದ ಆಯಿಲಿನಲ್ಲಿ ಓಡಿಸಿದರೆ ಬೇರಿಂಗು ಹೋಗುತ್ತದೆ. ಆಗ ಸಾವಿರದ ಲೆಕ್ಕವಲ್ಲ, ಲಕ್ಷದ ಲೆಕ್ಕ.

ನನ್ನ ಗಾಡಿಯಲ್ಲಿ ಕಂಡದ್ದು

ಮುಚ್ಚಳ ಸರಿ ಇತ್ತು. ಜಾಲರಿ ತೊಳೆದ ಮೇಲೆ ಸ್ವಲ್ಪ ವಾಸಿ. ಕ್ಯಾನು ಕಟ್ಟಿದಾಗ ಗುಳ್ಳೆ ನಿಂತಿತು, ಚಡವಿನಲ್ಲಿ ಇನ್ನೂ ವಾಸಿ, ಆದರೆ ಪೂರ್ತಿ ಗುಣವಿಲ್ಲ. ಗೇಜು ಸ್ಲೋದಲ್ಲಿ 0.4 ತೋರಿಸಿ, ರೈಸ್ ಮಾಡಿದರೆ ಸೊನ್ನೆಯ ಹತ್ತಿರ ಬೀಳುತ್ತಿತ್ತು. ವಾಪಸು ಪೈಪು ಒತ್ತಿದರೂ ಏರಲಿಲ್ಲ. ಅಂದರೆ ಎರಡು ರೋಗ ಒಟ್ಟಿಗೆ: ಟಾಂಕಿಯಿಂದ ಬರುವ ರಬ್ಬರ್ ಪೈಪಿನಲ್ಲಿ ಬಿರುಕು, ಮತ್ತೆ ಫೀಡ್ ಪಂಪು ಸವೆದದ್ದು. ಪೈಪನ್ನು ಕತ್ತಿಯಲ್ಲಿ ಉದ್ದಕ್ಕೆ ಸೀಳಿ ನೋಡಿದೆವು. ಒಳಗಿನ ಪದರ ಸುಲಿದು ನಾಲಗೆಯ ಹಾಗೆ ನೇತಾಡುತ್ತಿತ್ತು. ಜೋರಾಗಿ ಎಳೆದಾಗ ಆ ನಾಲಗೆ ದಾರಿ ಮುಚ್ಚುತ್ತಿತ್ತು, ಬಿಟ್ಟಾಗ ತೆರೆಯುತ್ತಿತ್ತು. ಹೊರಗಿನಿಂದ ನೋಡಿದರೆ ಒಳ್ಳೆಯ ಪೈಪೇ!

ಹಾಗಾದರೆ ದೊಡ್ಡ ಪಂಪಿಗೆ ಕೊಟ್ಟ 19,500? ಅದೂ ಹಳತೇ ಆಗಿತ್ತು, ಸ್ವಲ್ಪ ಉಪಯೋಗ ಆಗಿರಬಹುದು ಎಂದು ಸಮಾಧಾನ ಮಾಡಿಕೊಂಡೆ. ಜತೆಗೆ ಫಿಲ್ಟರೂ ಬದಲಿಸಿದ್ದರಿಂದ ಒಂದು ತಿಂಗಳು ಓಡಿದ್ದು. ಮೊದಲೇ ಒಂದು ಕ್ಯಾನು ಕಟ್ಟಿ ನೋಡಿದ್ದರೆ ಘಾಟಿಯಲ್ಲಿ ಆ ಸಂಜೆ ಬರುತ್ತಿರಲಿಲ್ಲ.

ಏನೇನು ಹಾಕಿದೆ

ಹೊಸ ಫೀಡ್ ಪಂಪು: ಅದೇ ಜಾತಿಯದು, ಆದರೆ ಪ್ರೈಮರು ಒತ್ತುವ ನಮೂನೆಯದ್ದು. ಹಳತರಲ್ಲಿ ತಿರುಗಿಸಿ ಎಬ್ಬಿಸುವ ಗುಬುಟಿನ ಪ್ರೈಮರು ಇತ್ತು. ಅದು ತುಕ್ಕು ಹಿಡಿದು ಪೂರ್ತಿ ಬಿಗಿಯುತ್ತಿರಲಿಲ್ಲ, ಅಲ್ಲಿಂದಲೂ ಗಾಳಿ. ಹಳೆ ಪಂಪನ್ನು ಅಂಗಡಿಗೆ ಕೊಂಡುಹೋಗಿ ನಂಬರು ತಾಳೆ ನೋಡಿಯೇ ತೆಗೆದುಕೊಳ್ಳಿ. ದೊಡ್ಡ ಲಾರಿಯ ಪಂಪು ಹಾಕಿದರೆ ಹೆಚ್ಚು ಡೀಸೆಲ್ ಬರುತ್ತದೆ ಎಂದು ಕೆಲವರು ಹಾಕುವುದುಂಟು. ಮೂರು ಬೋಲ್ಟಿನ ಮುಖ ಒಂದೇ ಇದ್ದರೂ ಒಳಗಿನ ಕಡ್ಡಿಯ ಉದ್ದ, ಸ್ಪ್ರಿಂಗು ಬೇರೆ ಇರಬಹುದು. ಕಣ್ಣಂದಾಜಿಗೆ ಕೂರಿಸಬಾರದು.

ಸೆಡಿಮೆಂಟರು: ಇದು ಗಾಡಿಯಲ್ಲಿ ಮೊದಲು ಇರಲಿಲ್ಲ. ಟಾಂಕಿ ಮತ್ತು ಫೀಡ್ ಪಂಪಿನ ನಡುವೆ, ಚಾಸಿಗೆ ಕಲ್ಲು ಬಡಿಯದ ಜಾಗದಲ್ಲಿ ಕೂರಿಸಿದೆವು. ನೀರು, ಕಸ ಅದರ ಬಟ್ಟಲಿನಲ್ಲಿ ಕೆಳಗೆ ಕೂರುತ್ತದೆ. ಅಡಿಯ ಸ್ಕ್ರೂ ಬಿಚ್ಚಿ ಬಿಟ್ಟರಾಯಿತು.

ಪೈಪುಗಳು: ಡೀಸೆಲಿಗೆಂದೇ ಮಾಡಿದ ರಬ್ಬರ್ ಪೈಪು, ಎರಡೂ ತುದಿಗೆ ಸ್ಕ್ರೂ ಕ್ಲಿಪ್ಪು. ಸರಿಗೆ ಸುತ್ತಿ ಬಿಗಿಯುವ ನಮ್ಮ ಅಭ್ಯಾಸ ಇಲ್ಲಿ ಆಗದು. ಮನೆಯಲ್ಲಿ ಉಳಿದ ಜಿ.ಐ. ಪೈಪು, ಜಿ.ಐ. ಫಿಟ್ಟಿಂಗು ಬೇಡವೇ ಬೇಡ. ಅದರ ಸತು ಡೀಸೆಲಿನ ಜತೆ ಸೇರಿ ಅಂಟು ಕಟ್ಟಿ ಫಿಲ್ಟರು, ನಾಜಲು ಕಟ್ಟುತ್ತದೆ.

ತಾಮ್ರದ ವಾಷರು: ಪ್ರತಿ ಸಲ ಹೊಸತು. ಸಿಗದಿದ್ದರೆ ಹಳತನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ತಾಮ್ರ ಮೆತ್ತಗಾಗುತ್ತದೆ, ಒಂದು ಸಲಕ್ಕೆ ನಡೆಯುತ್ತದೆ. ನಳ್ಳಿಗೆ ಸುತ್ತುವ ಬಿಳಿ ಟೇಪು ಸುತ್ತಬೇಡಿ. ಅದರ ಎಳೆ ಒಳಗೆ ಹೋದರೆ ನಾಜಲಿಗೆ ಹೊಸ ರೋಗ.

ಕೂರಿಸುವ ಕ್ರಮ

ಗಾಡಿ ಸಮ ಜಾಗದಲ್ಲಿ ನಿಲ್ಲಿಸಿ ಚಕ್ರಕ್ಕೆ ಕಟ್ಟೆ ಕೊಡಿ. ಬ್ಯಾಟರಿಯ ಅರ್ತ್ ವಯರು ಕಳಚಿ. ಫೀಡ್ ಪಂಪಿನ ಸುತ್ತ ಬ್ರಷ್ಷು, ಡೀಸೆಲಿನಲ್ಲಿ ಚೆನ್ನಾಗಿ ತೊಳೆಯಿರಿ. ಒಂದು ಮರಳಿನ ಕಣ ಒಳಗೆ ಹೋದರೂ ಹೊಸ ಪಂಪಿನ ವಾಲ್ವು ಹಾಳು. ಪೈಪು ಕಳಚಿದ ಬಾಯಿಗಳಿಗೆ ಚೊಕ್ಕ ಬಟ್ಟೆ ಕಟ್ಟಿ.

ಮೂರು ನಟ್ಟು ಬಿಚ್ಚುವಾಗ ಪಂಪು ಸ್ಪ್ರಿಂಗಿನ ಒತ್ತಡದಲ್ಲಿ ಹೊರಗೆ ದೂಡಿದ ಹಾಗಿದ್ದರೆ ಇಂಜಿನನ್ನು ಸ್ವಲ್ಪ ತಿರುಗಿಸಿ, ಒಳಗಿನ ಉಬ್ಬು ಆಚೆ ಸರಿದರೆ ಸಲೀಸು. ಹಳೆ ಗ್ಯಾಸ್ಕೆಟ್ ಕೆರೆದು ತೆಗೆದು ಹೊಸತು ಹಾಕಿ. ನಟ್ಟು ಒಂದನ್ನೇ ಪೂರ್ತಿ ಬಿಗಿಯದೆ, ಮೂರನ್ನೂ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಹೋಗುವ ಪೈಪು ಯಾವುದು, ಬರುವ ಪೈಪು ಯಾವುದು ಎಂದು ಬಿಚ್ಚುವಾಗಲೇ ದಾರ ಕಟ್ಟಿ ಗುರುತು ಮಾಡಿ. ಅದಲುಬದಲಾದರೆ ಎಷ್ಟು ಒತ್ತಿದರೂ ಡೀಸೆಲ್ ಏರದು.

ಏರ್ ತೆಗೆಯುವಾಗ ಟಾಂಕಿಯ ಕಡೆಯಿಂದ ಶುರು ಮಾಡಿ ನಾಜಲಿನ ಕಡೆಗೆ ಹೋಗಬೇಕು. ಮೊದಲು ಫಿಲ್ಟರಿನ ಏರ್ ಸ್ಕ್ರೂ ಸಡಿಲಿಸಿ ಪ್ರೈಮರು ಒತ್ತಿ. ಮೊದಲು ನೊರೆ, ಆಮೇಲೆ ಬರೇ ಡೀಸೆಲ್ ಬರುತ್ತದೆ. ಬಿಗಿಯಿರಿ. ಎರಡನೇ ಫಿಲ್ಟರು ಇದ್ದರೆ ಅದು. ಆಮೇಲೆ ದೊಡ್ಡ ಪಂಪಿನ ಏರ್ ಸ್ಕ್ರೂ. ಆಮೇಲೂ ಸ್ಟಾರ್ಟ್ ಆಗದಿದ್ದರೆ ಎರಡು ನಾಜಲುಗಳ ಪೈಪಿನ ನಟ್ಟು ಸ್ವಲ್ಪ ಸಡಿಲಿಸಿ ಸೆಲ್ಫ್ ಹೊಡೆಯಿರಿ, ಡೀಸೆಲ್ ಬಂದ ಕೂಡಲೇ ಬಿಗಿಯಿರಿ. ಸೆಲ್ಫ್ ಒಂದು ಸಲಕ್ಕೆ ಹದಿನೈದು ಸೆಕೆಂಡಿಗಿಂತ ಹೆಚ್ಚು ಬೇಡ, ಮೋಟಾರು ಸುಡುತ್ತದೆ. ಇಂಜಿನು ಓಡುವಾಗ ನಾಜಲು ಪೈಪಿನ ಸೋರಿಕೆಗೆ ಬೆರಳು ಒಡ್ಡಬಾರದು. ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೇ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು, ಬೆರಳೇ ಹೋದೀತು.

ಎಲ್ಲ ಆದ ಮೇಲೆ ಗೇಜು ಸ್ಲೋದಲ್ಲಿ 1.2, ರೈಸ್ ಮಾಡಿದಾಗ 1.4 ತೋರಿಸಿತು. ಅದೇ ಲೋಡಿನಲ್ಲಿ ಅದೇ ಗುಡ್ಡೆ ಎರಡನೇ ಗೇರಿನಲ್ಲಿ ಹತ್ತಿತು.

ಕರೆಂಟಿನ ಪಂಪು ಹಾಕಬಹುದಾ?

ಇದನ್ನು ಬಹಳ ಜನ ಕೇಳುತ್ತಾರೆ. ನಾನೂ ಒಂದು ತಂದು ಹಾಕಿ ನೋಡಿ ತೆಗೆದವ. ಬ್ಯಾಟರಿಯಲ್ಲಿ ಓಡುವ ಸಣ್ಣ ಪಂಪನ್ನು ಟಾಂಕಿಯ ಹತ್ತಿರ ಕೂರಿಸಿದರೆ ಒಂದು ಲಾಭ ಉಂಟು. ಎಳೆಯುವ ಬದಿಯೂ ದೂಡುವ ಬದಿಯಾಗುತ್ತದೆ, ಗಾಳಿ ಸೇರುವುದಿಲ್ಲ, ಏರ್ ತೆಗೆಯುವುದೂ ಸುಲಭ. ಆದರೆ ಮೂರು ತೊಂದರೆ.

ಒಂದು, ಒತ್ತಡ. ಕಾರ್ಬುರೇಟರಿನ ಪೆಟ್ರೋಲು ಗಾಡಿಗಳಿಗೆ ಬರುವ ಸಣ್ಣ ಪಂಪಿನ ಒತ್ತಡ ಸಾಲು ಪಂಪಿಗೆ ಒಂಟಿಯಾಗಿ ಸಾಲದು. ಈಗಿನ ಇಂಜೆಕ್ಷನ್ ಕಾರುಗಳ ಪಂಪಿನದ್ದು ಹೆಚ್ಚಾಯಿತು, ಸೀಲು ಕಿತ್ತು ಡೀಸೆಲ್ ಆಯಿಲಿಗೆ ಸೇರುವ ಭಯ. ಎರಡು, ಕರೆಂಟಿನ ಪಂಪು ನಿಂತುಹೋದರೆ ಕೆಲವು ನಮೂನೆಯವು ದಾರಿಯನ್ನೇ ಕಟ್ಟುತ್ತವೆ. ಮೂರು, ಗಾಡಿ ಮಗುಚಿ ಇಂಜಿನು ನಿಂತರೂ ಕೀ ಆನ್ ಇದ್ದರೆ ಅದು ಡೀಸೆಲ್ ಕಾರುತ್ತಲೇ ಇರುತ್ತದೆ. ಹಾಕಲೇಬೇಕಾದರೆ ಆಯಿಲ್ ಪ್ರೆಶರ್ ಸ್ವಿಚ್ಚಿನ ಮೂಲಕ ರಿಲೇ ಕೊಟ್ಟು, ಇಂಜಿನು ನಿಂತರೆ ಪಂಪೂ ನಿಲ್ಲುವ ಹಾಗೆ, ಫ್ಯೂಸ್ ಹಾಕಿ, ಬಲ್ಲವರಿಂದಲೇ ಮಾಡಿಸಬೇಕು. ಜೀಪು, ಪಿಕಪ್ಪುಗಳಲ್ಲಿ ಬರುವ ರೋಟರಿ ಪಂಪಿನ ಲೆಕ್ಕ ಬೇರೆ. ಅದರ ಹೊಟ್ಟೆಯಲ್ಲೇ ಎಳೆಯುವ ಏರ್ಪಾಡು ಇರುತ್ತದೆ, ಹೊರಗಿನಿಂದ ಕಡಿಮೆ ಒತ್ತಡ ಸಾಕು. ಒಂದಕ್ಕೆ ಹೇಳಿದ್ದು ಇನ್ನೊಂದಕ್ಕೆ ಸಲ್ಲದು.

ಇನ್ನೊಂದು ಭ್ರಮೆ: ದೊಡ್ಡ ಫೀಡ್ ಪಂಪು ಹಾಕಿದರೆ ಗಾಡಿಗೆ ಜೋರು ಬರುತ್ತದೆ ಎಂಬುದು. ಬರುವುದಿಲ್ಲ. ಅಳೆದು ಕೊಡುವುದು ದೊಡ್ಡ ಪಂಪು. ಕಳೆದುಹೋದ ಜೋರು ವಾಪಸು ಬರುತ್ತದೆ, ಅಷ್ಟೆ.

ಡೀಸೆಲೂ ಬದಲಾಗಿದೆ

2017ರ ಏಪ್ರಿಲಿನಿಂದ ದೇಶದಲ್ಲೆಲ್ಲ ಬಿ.ಎಸ್. 4 ಡೀಸೆಲ್ ಬಂತು. ಅದರಲ್ಲಿ ಗಂಧಕ ಹತ್ತು ಲಕ್ಷ ಭಾಗಕ್ಕೆ 50 ಭಾಗ. 2020ರ ಏಪ್ರಿಲಿನಿಂದ ಬಿ.ಎಸ್. 6, ಗಂಧಕ 10 ಭಾಗ ಮಾತ್ರ. ಹೊಗೆಗೆ ಇದು ಒಳ್ಳೆಯದು. ಆದರೆ ಗಂಧಕ ತೆಗೆಯುವಾಗ ಡೀಸೆಲಿನ ಸ್ವಂತ ಜಿಡ್ಡುಗುಣವೂ ಕಮ್ಮಿಯಾಗುತ್ತದೆ, ಅದಕ್ಕೆ ಕಂಪೆನಿಯವರು ಬೇರೆ ಮದ್ದು ಸೇರಿಸುತ್ತಾರೆ. ಹಳೆ ಡೀಸೆಲಿನಲ್ಲಿ ವರ್ಷಗಟ್ಟಲೆ ಇದ್ದು ಗಟ್ಟಿಯಾದ ರಬ್ಬರ್ ರಿಂಗುಗಳು ಹೊಸ ಡೀಸೆಲಿಗೆ ಕುಗ್ಗಿ ಸೋರುವುದುಂಟು. ಪಂಪು ಬಿಚ್ಚಿದಾಗ ಎಲ್ಲ ರಿಂಗು ಹೊಸತು ಹಾಕಿ, ವೈಟಾನ್ ರಿಂಗು ಸಿಕ್ಕಿದರೆ ಅದನ್ನೇ ಹಾಕಿ. ಸೀಮೆಎಣ್ಣೆ ಬೆರೆಸುವ ಹಳೆ ಬುದ್ಧಿ ಇನ್ನು ಬೇಡ. ಅದು ಕಾನೂನಿಗೂ ವಿರುದ್ಧ, ಪಂಪಿಗೂ ವಿಷ. ಈ ಪಂಪುಗಳ ಒಳಭಾಗಕ್ಕೆ ಡೀಸೆಲೇ ಎಣ್ಣೆ.

ಮಳೆಗಾಲದ ಜಾಗ್ರತೆ

ಆಟಿ ತಿಂಗಳಲ್ಲಿ ವಾರಗಟ್ಟಲೆ ಗಾಡಿ ಅಂಗಳದಲ್ಲಿ ನಿಲ್ಲುತ್ತದೆ. ಟಾಂಕಿ ಅರ್ಧ ಖಾಲಿ ಇದ್ದರೆ ಒಳಗಿನ ತೇವದ ಗಾಳಿ ತಣಿದು ನೀರಾಗುತ್ತದೆ. ನೀರು ಅಡಿಯಲ್ಲಿ ಕೂತು ತುಕ್ಕು, ಕಪ್ಪು ಲೋಳೆ ಎರಡನ್ನೂ ಬೆಳೆಸುತ್ತದೆ. ಹಾಗಾಗಿ ಮಳೆಗಾಲದಲ್ಲಿ ಟಾಂಕಿ ತುಂಬಿಸಿಯೇ ಇಡಿ. ಹದಿನೈದು ದಿನಕ್ಕೊಮ್ಮೆ ಸೆಡಿಮೆಂಟರಿನ ನೀರು ಬಿಡಿ. ನನ್ನದರಲ್ಲಿ ಮೊದಲ ಸಲ ಬಂದದ್ದು ಅರ್ಧ ಗ್ಲಾಸು ಕೆಂಪು ನೀರು. ಇಷ್ಟು ವರ್ಷ ಇದೆಲ್ಲ ಪಂಪಿಗೇ ಹೋಗುತ್ತಿತ್ತಲ್ಲ ಎಂದು ಬೇಸರವಾಯಿತು. ಮಳೆಗಾಲ ಮುಗಿದ ಮೇಲೆ ಒಮ್ಮೆ ಟಾಂಕಿಯ ಅಡಿಯ ಬಿರಡೆ ಬಿಚ್ಚಿ ತೊಳೆಯುವುದು ಒಳ್ಳೆಯದು.

ಖರ್ಚಿನ ಲೆಕ್ಕ

ಫೀಡ್ ಪಂಪು 1,850. ಸೆಡಿಮೆಂಟರು 1,100. ಪೈಪು, ಕ್ಲಿಪ್ಪು, ವಾಷರು 620. ಫಿಲ್ಟರು ಎರಡು 380. ಗೇಜು 350. ಒಟ್ಟು 4,300 ರೂಪಾಯಿ. ಕೆಲಸ ನಾನು, ಮಗ ಸೇರಿ ಮಾಡಿದ್ದು, ಹಿರಿಯರು ಕೂತು ಹೇಳಿಕೊಟ್ಟರು. ಅವರು ದುಡ್ಡು ಮುಟ್ಟಲಿಲ್ಲ, ಒಂದು ಚೀಲ ತೆಂಗಿನಕಾಯಿ ಒಪ್ಪಿದರು. ಇದು ನಾನು ಕೊಟ್ಟ ಕ್ರಯ, ಅಂಗಡಿ ನೋಡಿ ಹೆಚ್ಚುಕಮ್ಮಿ ಆದೀತು. ತೀರಾ ಅಗ್ಗದ ಡೂಪ್ಲಿಕೇಟು ಪಂಪಿಗೆ ಮರುಳಾಗಬೇಡಿ.

ಗೇಜನ್ನು ನಾನೀಗ ಟೀಯ ಸಮೇತ ಒಂದು ಡಬ್ಬಿಯಲ್ಲಿ ಇಟ್ಟಿದ್ದೇನೆ. ನೆರೆಕರೆಯ ಮೂರು ಗಾಡಿಗಳಿಗೆ ಅದು ಹೋಗಿ ಬಂದಿದೆ. ಒಂದರಲ್ಲಿ ಓವರ್‌ಫ್ಲೋ ವಾಲ್ವು, ಒಂದರಲ್ಲಿ ಬರೇ ಫಿಲ್ಟರು. ಮೂರನೆಯದರಲ್ಲಿ ಮಾತ್ರ ನಿಜಕ್ಕೂ ದೊಡ್ಡ ಪಂಪೇ ಕೆಟ್ಟಿತ್ತು, ಗೇಜು ಸರಿ ತೋರಿಸಿದ್ದರಿಂದಲೇ ಅದು ಗೊತ್ತಾದದ್ದು. ಹತ್ತು ಮನೆಯವರು ಸೇರಿ ಇಂಥದ್ದೊಂದು ಗೇಜು ಇಟ್ಟುಕೊಂಡರೆ ಯಾರಿಗೂ ಭಾರವಲ್ಲ.

ಮತ್ತೆ, ಗಾಡಿಯಲ್ಲಿ ಮರದ ಎರಡು ಕಟ್ಟೆ ಯಾವಾಗಲೂ ಇರಲಿ. ಆ ಸಂಜೆ ಮಗನ ಕೈಗೆ ಮಾರ್ಗದ ಬದಿಯಲ್ಲಿ ಕಲ್ಲು ಸಿಕ್ಕಿತು. ಪ್ರತಿ ಸಲ ಸಿಗಬೇಕೆಂದಿಲ್ಲ.